ಬೇಲಿಗೆ ಅಡಿಗೆಷ್ಟು?

ಗುಳೇದಗುಡ್ಡದ ಖಣವನ್ನು ಮೀಟರಿಗೆಷ್ಟು ಎಂದು ಕೇಳಿ ಕೊಳ್ಳಬಹುದು. ನೇಯ್ದ ಬಟ್ಟೆ ಈ ತುದಿಯಲ್ಲಿ ಹೇಗಿದೆಯೋ ಆ ತುದಿಯಲ್ಲೂ ಹಾಗೆಯೇ ಇರುತ್ತದೆ. ಅದೇ ಗುಳೇದಗುಡ್ಡದಿಂದ ಬಾದಾಮಿಯ ಕಡೆಗೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡದಲ್ಲಿರುವ ನಮ್ಮ ಹೊಲಕ್ಕೆ ಬೇಲಿ ಹಾಕಿಸಲು ಹೊರಟಾಗ ನಾನೂ ಬಟ್ಟೆ ಕೊಳ್ಳುವವನಂತೆಯೇ ಕೇಳಿದೆ: ಅಡಿಗೆಷ್ಟು? ಮೂವರನ್ನು ಕೇಳಿದೆ. ಇಬ್ಬರು ಥಟ್ಟನೆ ಉತ್ತರ ಕೊಟ್ಟರು. ಮೂರನೆಯವನು ಚಹಾ ಕುಡಿದು, ಲೋಟ ತೊಳೆದಿಟ್ಟು, ಏನೂ ಹೇಳದೆ ಎದ್ದು ಹೋದ. ಆ ಹೊತ್ತಿಗೆ ನನಗೆ ಸಿಟ್ಟು ಬಂದದ್ದು ಅವನ ಮೇಲೆಯೇ.

ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನಾಲ್ಕು ಎಕರೆ ಹತ್ತು ಗುಂಟೆ ಎಂದಿದೆ. ರಸ್ತೆಗೆ ಅಂಟಿದ ಒಂದು ಪಟ್ಟಿ ಮಸಾರಿ ಮಣ್ಣು, ನಡುವೆ ಗರಸು ಎಂಬ ಹರಳುಗಲ್ಲಿನ ಗಟ್ಟಿ ನೆಲ, ಮೇಲೆ ಹೋದಂತೆ ಬರೀ ಹಾಸುಗಲ್ಲು. ಮಳೆ ಬಂದ ವರ್ಷ ಸಜ್ಜೆ, ಮಡಿಕೆ ಕಾಳು, ಹುರುಳಿ; ಬಾರದ ವರ್ಷ ಏನೂ ಇಲ್ಲ. ಅಪ್ಪ ಈ ನೆಲವನ್ನು ನಂಬಿದ್ದು ಆಡುಗಳ ಸಲುವಾಗಿ. ಮೂವತ್ತನಾಲ್ಕು ಆಡುಗಳಿದ್ದವು. ಅವುಗಳ ಹಿಂದೆ ತಿರುಗುತ್ತಿದ್ದ ಹುಡುಗ ಕಟ್ಟಡದ ಕೆಲಸಕ್ಕೆಂದು ಮಂಗಳೂರಿಗೆ ಹೋದ. ಅವನು ಹೋದದ್ದು ಸರಿಯೇ, ನಾವು ಕೊಡುತ್ತಿದ್ದುದರ ಎರಡರಷ್ಟು ಅಲ್ಲಿ ಸಿಗುತ್ತದೆ. ಅಪ್ಪನ ಮೊಣಕಾಲು ಗುಡ್ಡ ಹತ್ತಲು ಒಪ್ಪುವುದಿಲ್ಲ. ನಾನು ಬಾಗಲಕೋಟೆಯ ನವನಗರದಲ್ಲಿ ಕುರ್ಚಿಯ ಮೇಲೆ ಕುಳಿತು ಸಂಬಳ ಎಣಿಸುವವನು. ಕಾಯುವವರು ಇಲ್ಲದ ಮೇಲೆ ಬೇಲಿಯೇ ಕಾಯಬೇಕು ಎಂಬ ತೀರ್ಮಾನಕ್ಕೆ ಬಂದೆವು. ತೋಳದ ಭಯವೂ ಇತ್ತು. ಆದರೆ ನಿಜ ಹೇಳಬೇಕೆಂದರೆ ನಮ್ಮ ಆಡುಗಳನ್ನು ತೋಳಕ್ಕಿಂತ ಹೆಚ್ಚು ಹಿಡಿದದ್ದು ಊರಿನ ಬೀದಿನಾಯಿಗಳು.

ಹಳೆಯ ಬೇಲಿ ಇರಲಿಲ್ಲವೆಂದಲ್ಲ. ಅಜ್ಜನ ಕಾಲದಲ್ಲಿ ಕಳ್ಳಿ ಮತ್ತು ಕತ್ತಾಳೆ ಇದ್ದವಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅವನ್ನೆಲ್ಲ ಬಳ್ಳಾರಿ ಜಾಲಿ ನುಂಗಿತ್ತು. ಪುಕ್ಕಟೆ ಬೇಲಿ ಎಂದು ನಾವೂ ಸುಮ್ಮನಿದ್ದೆವು. ಒಮ್ಮೆ ಕುಳಿತು ಲೆಕ್ಕ ಹಾಕಿದೆ: ಸುತ್ತಳತೆ 2,310 ಅಡಿ, ಜಾಲಿ ಒಳಕ್ಕೆ ಚಾಚಿಕೊಂಡದ್ದು ಕಡಿಮೆಯೆಂದರೂ ಆರು ಅಡಿ. 13,860 ಚದರ ಅಡಿ. ಗುಂಟೆಗೆ 1,089 ಚದರ ಅಡಿಯಂತೆ ಹನ್ನೆರಡೂವರೆ ಗುಂಟೆಗೂ ಹೆಚ್ಚು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಗಾದೆಯೆಂದುಕೊಂಡಿದ್ದೆ. ನಮ್ಮಲ್ಲಿ ಅದು ಗುಂಟೆಗಳಲ್ಲಿ ಅಳೆಯಬಹುದಾದ ಸಂಗತಿಯಾಗಿತ್ತು.

ಹೀಗಾಗಿ ಬೇಲಿಯ ಮೊದಲ ಖರ್ಚು ಕಲ್ಲಿಗೂ ಅಲ್ಲ, ತಂತಿಗೂ ಅಲ್ಲ, ಹದ್ದುಬಸ್ತಿಗೆ, ಅಂದರೆ ಗಡಿ ಅಳೆಸಿ ಗುರುತು ಹಾಕಿಸುವುದಕ್ಕೆ. ಜಾಲಿ ಕಡಿಯದೆ ಗಡಿಯ ಬಾಂದಗಲ್ಲು ಕಾಣುವುದಿಲ್ಲ, ಬಾಂದಗಲ್ಲು ಕಾಣದೆ ಭೂಮಾಪಕರು ಅಳೆಯುವುದಿಲ್ಲ. ಮೂವತ್ತಮೂರು ಅಡಿಯ ಸರಪಳಿ, ಅದರಲ್ಲಿ ಹದಿನಾರು ಆಣೆ. ನಮ್ಮ ಹೊಲಗಳೆಲ್ಲ ಹುಟ್ಟಿದ್ದು ಈ ಲೆಕ್ಕದಲ್ಲಿ. ಆ ಸರಪಳಿಯ ಒಂದು ಚೌಕವೇ ಒಂದು ಗುಂಟೆ. ಅಳತೆ ಮುಗಿದಾಗ ಒಂದು ಮೂಲೆಯಲ್ಲಿ ನಮ್ಮ ಜಾಲಿ ಪಕ್ಕದವರ ಹೊಲದಲ್ಲಿಯೂ, ಇನ್ನೊಂದು ಮೂಲೆಯಲ್ಲಿ ಅವರ ಒಡ್ಡು ನಮ್ಮ ಹೊಲದಲ್ಲಿಯೂ ಇತ್ತು. ಎರಡೂ ಮನೆಯವರು ಒಂದು ಗಂಟೆ ಜಗಳವಾಡಿ, ಸರಿಗೆ ಸರಿ ಎಂದು ಊಟಕ್ಕೆ ಹೋದೆವು.

ನಕ್ಷೆಯನ್ನು ನೋಡಿದಾಗ ಇನ್ನೊಂದು ವಿಷಯ ಹೊಳೆಯಿತು. ನಾಲ್ಕು ಎಕರೆ ಹತ್ತು ಗುಂಟೆ ಸರಿಯಾದ ಚೌಕವಾಗಿದ್ದರೆ ಸುತ್ತಳತೆ 1,720 ಅಡಿಯ ಹತ್ತಿರ ಬರುತ್ತಿತ್ತು. ನಮ್ಮದು ಕುಡುಗೋಲಿನ ಆಕಾರದ ಹೊಲ. ಅಣ್ಣತಮ್ಮಂದಿರ ಪಾಲಿನಲ್ಲಿ ಗುಡ್ಡದ ನೆರಳು, ಹಳ್ಳದ ನೀರು ಎಲ್ಲರಿಗೂ ಸಿಗಲೆಂದು ಹಿರಿಯರು ಹಾಗೆ ಸೀಳಿದ್ದರು. ಆ ನ್ಯಾಯಕ್ಕೆ ಈಗ ನಾನು 590 ಅಡಿ ಹೆಚ್ಚು ಬೇಲಿ ಹಾಕಬೇಕು.

ಮೊದಲನೆಯವನು ಫೋನಿನಲ್ಲೇ ದರ ಹೇಳಿದ. ಎರಡನೆಯವನು ಬೈಕಿನಲ್ಲಿ ಬಂದು, ಬೈಕಿನಿಂದ ಇಳಿಯದೆ, ರಸ್ತೆಯ ಮೇಲಿಂದ ಹೊಲ ನೋಡಿ, ಕಲ್ಲುಕಂಬ, ಜಾಲರಿ, ಕೂಲಿ ಎಲ್ಲ ಸೇರಿ ಅಡಿಗೆ 110 ರೂಪಾಯಿ ಎಂದ. ನಾನು ಇವನನ್ನೇ ಹಿಡಿದೆ. ಮುಂಗಡ ಐವತ್ತು ಸಾವಿರ ಕೊಟ್ಟೆ. ನಾಲ್ಕೇ ದಿನಗಳಲ್ಲಿ ರಸ್ತೆಯ ಬದಿಯ 420 ಅಡಿ ಮುಗಿಯಿತು. ಹೋಗಿ ಬರುವವರೆಲ್ಲ ನಿಂತು ನೋಡುವಂತಿತ್ತು. ಐದನೆಯ ದಿನ ಅವನ ಆಳುಗಳು ಗರಸು ದಾಟಿ ಹಾಸುಗಲ್ಲಿನ ಮೇಲೆ ಮೂರು ಗುಂಡಿ ಹೊಡೆಯಲು ನೋಡಿದರು. ಸಂಜೆಯವರೆಗೆ ಒಂದು ಗೇಣೂ ಇಳಿಯಲಿಲ್ಲ. ಆರನೆಯ ದಿನ ಯಾರೂ ಬರಲಿಲ್ಲ. ಫೋನ್ ಹತ್ತಲಿಲ್ಲ.

ಮೋಸ ಎಂದು ಕೂಗೋಣವೆಂದರೆ ಅದಕ್ಕೂ ಬರುವಂತಿರಲಿಲ್ಲ. 420 ಅಡಿಗೆ 110ರಂತೆ 46,200 ರೂಪಾಯಿ. ಅವನು ನನಗೆ ಮರಳಿಸಬೇಕಾದದ್ದು 3,800 ಮಾತ್ರ. ಅವನ ದರವೂ ಸುಳ್ಳಲ್ಲ. ಮೆತ್ತನೆಯ ಮಣ್ಣಿನಲ್ಲಿ ಬರುವ ಲಾಭ ಕಲ್ಲಿನಲ್ಲಾಗುವ ನಷ್ಟವನ್ನು ತುಂಬಿಕೊಡಲಿ ಎಂದು ಮಾಡಿದ ಸರಾಸರಿ ಅದು. ಆದರೆ ಸರಾಸರಿ ದರಕ್ಕೆ ಒಪ್ಪಿದ ಮನುಷ್ಯ ಯಾವ ತುದಿಯಿಂದ ಕೆಲಸ ಶುರು ಮಾಡುತ್ತಾನೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಮೆತ್ತನೆಯ ತುದಿಯಿಂದಲೇ ಶುರು ಮಾಡುತ್ತಾನೆ. ಲಾಭ ಕೈಗೆ ಬಂದ ಮೇಲೆ ನಷ್ಟದ ಕಡೆಗೆ ನಡೆದು ಹೋಗಲು ಅವನಿಗೇನು ಹುಚ್ಚೇ? ಒಂದೇ ದರ ಕೇಳಿ, ಅರ್ಧಕ್ಕೆ ಬಿಟ್ಟು ಹೋಗುವ ದಾರಿಯನ್ನು ನಾನೇ ಅವನಿಗೆ ತೋರಿಸಿಕೊಟ್ಟಿದ್ದೆ.

ಚಹಾ ಕುಡಿದು ಎದ್ದು ಹೋದವನ ಮನೆಗೆ ಅಪ್ಪನೇ ಹೋದರು. ಅವನು ಮರುದಿನ ಬಂದ. ಕೈಯಲ್ಲಿ ಟೇಪು ಇರಲಿಲ್ಲ, ಐದಡಿಯ ಹಾರೆ ಇತ್ತು. ಎಂಟು ಹೆಜ್ಜೆಗೊಮ್ಮೆ ನಿಂತು ಹಾರೆಯನ್ನು ನೆಟ್ಟಗೆ ಎತ್ತಿ ಬಿಡುವನು. ದಸ್ ಎಂದರೆ ಮಣ್ಣು. ಕರ್ ಎಂದರೆ ಗರಸು. ಟಣ್ ಎಂದು ಹಾರೆ ಕೈಯೊಳಗೇ ಕುಣಿದರೆ ಕಲ್ಲು. ಟಣ್ ಎಂದಾಗಲೆಲ್ಲ ಬಗ್ಗಿ ಒಂದು ಬೆಣಚುಕಲ್ಲನ್ನು ಆ ಜಾಗದ ಮೇಲೆ ಇಡುವನು. ಎರಡು ಕಡೆ ಟಣ್ ಎಂದರೂ ಕಲ್ಲಿಡಲಿಲ್ಲ. ಯಾಕೆಂದು ಕೇಳಿದೆ. ಇದು ಬಿಡಿಗಲ್ಲು, ಮೀಟಿದರೆ ಏಳುತ್ತದೆ, ಸದ್ದು ಬೇರೆ ಎಂದ. ನನಗೆ ಎರಡೂ ಒಂದೇ ಸದ್ದು. ಮೂರು ಗಂಟೆ ಹೀಗೆ ನಡೆದು, ಕೊನೆಗೆ ಎರಡನೆಯವನು ನಿಲ್ಲಿಸಿದ್ದ ಕಂಬಗಳ ಬಳಿ ಬಂದು ಒಂದನ್ನು ಅಂಗೈಯಿಂದ ತಳ್ಳಿದ. ಅದು ಹಲ್ಲಿನಂತೆ ಅಲ್ಲಾಡಿತು. ಎರಡಡಿ ಇಳಿಯಬೇಕಾದ ಕಂಬ ಒಂದಡಿ ಇಳಿದಿತ್ತು.

ಅವನ ಅಂದಾಜಿನಲ್ಲಿ ಅಡಿಯ ಲೆಕ್ಕವೇ ಇರಲಿಲ್ಲ. ಉಳಿದ ಉದ್ದಕ್ಕೆ ಎಂಟಡಿಗೆ ಒಂದರಂತೆ 236 ಕಂಬ. ಗುಂಡಿಗಳಿಗೆ ಮೂರು ದರ: ಮಣ್ಣಿನದು 60, ಗರಸಿನದು 120, ಕಲ್ಲಿನದು 350, ಕಲ್ಲಿಗೆ ಟ್ರ್ಯಾಕ್ಟರ್ ಕಂಪ್ರೆಸರ್ ತಂದು ಕೊರೆದು, ಆಮೇಲೆ ಉಳಿಯಿಂದ ಒಡೆದು ತೆಗೆಯಬೇಕು. ಬೆಣಚುಕಲ್ಲುಗಳನ್ನು ಎಣಿಸಿದರೆ 77 ಗುಂಡಿ ಕಲ್ಲಿನವು. ಸಂಖ್ಯೆಯಲ್ಲಿ ಮೂರನೆಯ ಒಂದು ಭಾಗ, ಗುಂಡಿಯ ಹಣದಲ್ಲಿ ಹೆಚ್ಚುಕಡಿಮೆ ಮೂರನೆಯ ಎರಡು ಭಾಗ. ಬಾದಾಮಿಯ ಮೂರನೆಯ ಗುಹೆಯಲ್ಲಿ 578ರ ಶಾಸನವಿದೆ. ಮರಳುಗಲ್ಲಿನ ಗುಡ್ಡದೊಳಗೆ ಕಂಬ, ಜಗಲಿ, ವಿಷ್ಣು ಎಲ್ಲವನ್ನೂ ಕೊರೆದು ನಿಲ್ಲಿಸಿದರಲ್ಲ, ಅವರಿಗೆ ಆ ಗುಹೆ ಕೊರೆಯಿಸಿದ ಚಾಲುಕ್ಯರ ಮಂಗಳೇಶ ಯಾವ ಲೆಕ್ಕದಲ್ಲಿ ಕೂಲಿ ಕೊಟ್ಟನೋ. ನಮಗೆ ಎರಡಡಿ ಆಳದ ಎಪ್ಪತ್ತೇಳು ತೂತುಗಳೇ ದುಬಾರಿಯಾಗಿ ಕಂಡವು.

ಮೂಲೆಗಳ ಲೆಕ್ಕ ಬೇರೆ. ಕುಡುಗೋಲಿನ ಆಕಾರ ಎಂದೆನಲ್ಲ, ಬಾಗಿದ ಕಡೆಯಲ್ಲೆಲ್ಲ ಒಂದು ಮೂಲೆ. ತಂತಿಯನ್ನು ಎಳೆದು ಬಿಗಿದಾಗ ನಡುವಿನ ಕಂಬಗಳು ಸುಮ್ಮನೆ ನಿಂತಿರುತ್ತವೆ. ಎಳೆತವನ್ನೆಲ್ಲ ಹೊರುವುದು ಮೂಲೆಯ ಕಂಬ. ಅದಕ್ಕೆ ಎರಡೂ ಕಡೆಯಿಂದ ಓರೆಯಾಗಿ ಆಸರೆಗಲ್ಲು ಕೊಟ್ಟು, ಬುಡಕ್ಕೆ ಕಾಂಕ್ರೀಟ್ ಹಾಕಬೇಕು. ಮೂಲೆ ಸೋತರೆ ನೂರು ಅಡಿ ಬೇಲಿ ಒಟ್ಟಿಗೆ ಜೋಲುತ್ತದೆ. ಏರು ತಗ್ಗಿನಲ್ಲಿ ಇನ್ನೂ ಒಂದು ತಾಪತ್ರಯ. ತಗ್ಗಿನಲ್ಲಿ ನಿಂತ ಕಂಬವನ್ನು ಬಿಗಿದ ತಂತಿ ಮೇಲಕ್ಕೆ ಎಳೆಯುತ್ತದೆ, ಗಜ್ಜರಿ ಕಿತ್ತಂತೆ. ಅಂಥ ಕಡೆ ಕೆಳಗಿನ ತಂತಿಗೆ ದೊಡ್ಡ ಗುಂಡುಕಲ್ಲೊಂದನ್ನು ಕಟ್ಟಿ ನೆಲದಲ್ಲಿ ಹೂಳುತ್ತಾರೆ. ಸಪಾಟು ನೆಲದಲ್ಲಿ ಉರುಳಿಸಿಕೊಂಡು ಹೋಗಬಹುದಾದ ಜಾಲರಿಯನ್ನು ಇಳಿಜಾರಿನಲ್ಲಿ ಮೆಟ್ಟಿಲಿನಂತೆ ಕತ್ತರಿಸಿ ಕತ್ತರಿಸಿ ಜೋಡಿಸಬೇಕು. ಇಲ್ಲದಿದ್ದರೆ ಕೆಳಗೆ ಉಳಿದ ಸಂದಿನಲ್ಲಿ ಮರಿಗಳು ನುಸುಳುತ್ತವೆ. ಬರೀ ಮುಳ್ಳುತಂತಿ ಸಾಲದೇ ಎಂದು ಕೇಳಿದ್ದಕ್ಕೆ ಅಪ್ಪನೇ ನಕ್ಕರು. ಎಮ್ಮೆಗೆ ಸಾಕು. ಆಡು ತಲೆ ತೂರಿದ ಕಡೆ ಮೈ ತೂರಿಸುತ್ತದೆ. ಆದ್ದರಿಂದ ನಾಲ್ಕಡಿ ಜಾಲರಿ, ಅದರ ಮೇಲೆ ಮೂರು ಎಳೆ ಮುಳ್ಳುತಂತಿ. ತಂತಿಯನ್ನು ಮಾರುವುದು ತೂಕದ ಮೇಲೆ: 12 ಗೇಜಿನದು ಕಿಲೋಗೆ ಮೂವತ್ತಡಿಯಷ್ಟು ಬರುತ್ತದೆ, 14 ಗೇಜಿನದು ಹೆಚ್ಚು ಉದ್ದ ಬರುತ್ತದೆ, ಅಷ್ಟೇ ಬೇಗ ತುಕ್ಕು ಹಿಡಿದು ಹೋಗುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ತಂತಿ ಸಪೂರ. ಎರಡನೆಯವನ 110 ರೂಪಾಯಿಯಲ್ಲಿ ಇದ್ದದ್ದು 14.

ಹೊರುವ ಕೂಲಿಯನ್ನು ನಾನು ಮರೆತೇಬಿಟ್ಟಿದ್ದೆ. ಏಳಡಿಯ, ಐದು ಅಂಗುಲ ದಪ್ಪದ ಕಲ್ಲುಕಂಬ ಎಂಬತ್ತು ಕಿಲೋಗೂ ಹೆಚ್ಚು ತೂಗುತ್ತದೆ. ಟ್ರ್ಯಾಕ್ಟರು ಗರಸಿನ ತನಕ ಮಾತ್ರ ಹತ್ತುತ್ತದೆ. ಅಲ್ಲಿಂದ ಮೇಲಕ್ಕೆ ಬೊಂಬಿಗೆ ಹಗ್ಗ ಹಾಕಿ ಇಬ್ಬರು ಹೊರಬೇಕು, ಒಂದಕ್ಕೆ 70 ರೂಪಾಯಿ. ಇಬ್ಬರಿಗೆ ಎಪ್ಪತ್ತು. ಹೆಚ್ಚಾಯಿತು ಎಂದು ನನಗೆ ಅನ್ನಿಸಿದ್ದರೆ ಅದು ನಾನು ಒಮ್ಮೆ ಒಂದು ತುದಿಗೆ ಹೆಗಲು ಕೊಡುವ ಮೊದಲು.

ಎಲ್ಲ ಕೂಡಿಸಿದಾಗ ಉಳಿದ 1,890 ಅಡಿಗೆ 3,56,000 ಚಿಲ್ಲರೆ. ಅಡಿಗೆ ಎಷ್ಟಾಯಿತು ಎಂದು ಚಟಕ್ಕೆ ಬಿದ್ದವನಂತೆ ಭಾಗಿಸಿ ನೋಡಿದೆ: 188. ಹಿರಿಯರ ನ್ಯಾಯಕ್ಕೆ ಬಿದ್ದ 590 ಅಡಿಯೊಂದೇ ಒಂದು ಲಕ್ಷ ದಾಟುತ್ತಿತ್ತು. ಅಪ್ಪ ಇನ್ನೊಂದು ಲೆಕ್ಕ ಹಾಕಿದರು. ಆಡಿಗೆ ಒಂಬತ್ತು ಸಾವಿರ ಹಿಡಿದರೂ ಮೂವತ್ತನಾಲ್ಕಕ್ಕೆ ಮೂರು ಲಕ್ಷ ಆರು ಸಾವಿರ. ಹಿಂಡಿಗಿಂತ ಹಿಂಡಿನ ಬೇಲಿ ಐವತ್ತು ಸಾವಿರ ಹೆಚ್ಚು. ಎಲ್ಲವನ್ನೂ ಅಮೀನಗಡದ ಸಂತೆಗೆ ಹೊಡೆದು ಮಾರಿ, ಆ ದುಡ್ಡಿನಲ್ಲಿ ಏನನ್ನು ಕಾಯಬೇಕೆಂದು ಬೇಲಿ ಹಾಕುತ್ತೀಯೋ ಹಾಕು ಎಂದು ಒಳಗೆ ಹೋದರು.

ದಾರಿ ಹೇಳಿದವನು ಆ ಹಾರೆಯವನೇ. ಎಪ್ಪತ್ತೇಳು ಕಲ್ಲಿನ ಗುಂಡಿಗಳೂ ಒಂದೇ ಕಡೆ, ಗುಡ್ಡದ ಬದಿಯ 616 ಅಡಿಯಲ್ಲಿವೆ. ಅಗೆಯಲು ಬಾರದ ನೆಲದಲ್ಲಿ ಯಾಕೆ ಅಗೆಯಬೇಕು, ಇಟ್ಟರೆ ಆಗದೇ ಎಂದ. ಹೊಲದ ತುಂಬ ಬಿದ್ದಿರುವ ಕಲ್ಲನ್ನು ಆರಿಸಿ, ಮಣ್ಣು ಸಿಮೆಂಟು ಏನೂ ಇಲ್ಲದೆ, ಹಲ್ಲಿಗೆ ಹಲ್ಲು ಕೂಡಿಸಿದ ಒಣಗೋಡೆ. ಬುಡ ಅಗಲ, ತಲೆ ಕಿರಿದು, ಎತ್ತರ ನಾಲ್ಕೂವರೆ ಅಡಿ. ಒಬ್ಬ ಗೌಂಡಿ, ಒಬ್ಬ ಆಳು, ದಿನಕ್ಕೆ ಇಬ್ಬರದೂ ಸೇರಿ 1,250 ರೂಪಾಯಿ. ದಿನಕ್ಕೆ ಹನ್ನೊಂದು ಅಡಿಯಂತೆ ಐವತ್ತಾರು ದಿನ. ಎಪ್ಪತ್ತು ಸಾವಿರ. ಅಷ್ಟೇ ಉದ್ದಕ್ಕೆ ಕಂಬ, ಜಾಲರಿ, ತಂತಿ ಎಂದರೆ ಒಂದು ಲಕ್ಷ ಹದಿನೈದು ಸಾವಿರ ಆಗುತ್ತಿತ್ತು.

ಉಳಿದ ನಲವತ್ತೈದು ಸಾವಿರಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಇದು ನಮಗೆ ಯಾಕೆ ಮೊದಲೇ ಹೊಳೆಯಲಿಲ್ಲ? ಮುಳ್ಳುತಂತಿಗೆ 1874ರಲ್ಲಿ ಪೇಟೆಂಟ್ ಪಡೆದ ಜೋಸೆಫ್ ಗ್ಲಿಡನ್ ಅಮೆರಿಕದ ಇಲಿನಾಯ್ ಪ್ರಾಂತದ ರೈತ. ಅಲ್ಲಿನ ಹುಲ್ಲುಬಯಲಿನಲ್ಲಿ ಬೇಲಿಗೆ ಬೇಕಾದಷ್ಟು ಮರವಿಲ್ಲ, ಕಲ್ಲಿಲ್ಲ. ಆ ಕೊರತೆಗೆ ಸಿಕ್ಕ ಉತ್ತರ ಆ ತಂತಿ. ಅದನ್ನು ತಂದು, ಕಲ್ಲು ಬಿಟ್ಟರೆ ಬೇರೇನೂ ಬೆಳೆಯದ ನಮ್ಮ ಗುಡ್ಡಕ್ಕೆ ಸುತ್ತಲು ನಾನು ಸಾಲ ಎತ್ತಲು ಹೊರಟಿದ್ದೆ.

ಒಣಗೋಡೆ ಏನೂ ದೇವರಲ್ಲ. ಆಡು ಮೆಟ್ಟಿಲು ಹತ್ತಿದಂತೆ ಅದನ್ನು ಹತ್ತುತ್ತದೆ. ಮೊದಲ ವಾರವೇ ಎರಡು ಹೋತಗಳು ಗೋಡೆಯ ಮೇಲೆ ನಿಂತು ಊರು ನೋಡುತ್ತಿದ್ದವು. ಕಡಿದು ಹಾಕಿದ್ದ ಜಾಲಿಯನ್ನೇ ತಂದು ಗೋಡೆಯ ನೆತ್ತಿಗೆ ಹೊರಮುಖವಾಗಿ ಹೊದಿಸಿ, ಮೇಲೆ ಕಲ್ಲು ಹೇರಿದೆವು. ಮುಳ್ಳು ಒಣಗಿ ಉದುರುತ್ತದೆ, ಪ್ರತಿ ವರ್ಷ ಹೊಸದು ಹೊದಿಸಬೇಕು. ಆ ಖರ್ಚು ಯಾವ ಅಂದಾಜಿನಲ್ಲೂ ಇರಲಿಲ್ಲ. ನಾಲ್ಕು ಎಕರೆ ಖುಷ್ಕಿ ಮೂವತ್ತನಾಲ್ಕು ಆಡುಗಳ ಹೊಟ್ಟೆ ತುಂಬಿಸುವುದಿಲ್ಲ ಎಂಬುದೂ ಬೇಲಿ ಮುಗಿದ ಮೇಲೆಯೇ ಕಣ್ಣಿಗೆ ಬಿದ್ದದ್ದು. ಹುಡುಗ ಅವುಗಳನ್ನು ಗುಡ್ಡಕ್ಕೆ, ಊರಿನ ಗೋಮಾಳವಾದ ಗಾಯರಾಣಕ್ಕೆ ಹೊಡೆದುಕೊಂಡು ಹೋಗುತ್ತಿದ್ದ. ಅವನ ಸಂಬಳದಲ್ಲಿ ಮೇವಿನ ಬೆಲೆಯೂ ಸೇರಿತ್ತು. ಹನ್ನೆರಡನ್ನು ಮಾರಿದೆವು. ಜಾಲಿ ಬಿಟ್ಟುಕೊಟ್ಟ ಹನ್ನೆರಡು ಗುಂಟೆಯಲ್ಲಿ ಮೇವಿಗೆಂದು ಸುಬಾಬುಲ್ ಮತ್ತು ಚೊಗಚಿ ಗಿಡ ಹಚ್ಚಿದೆವು.

ಹಳ್ಳ ಬೇಲಿಯನ್ನು ದಾಟುವ ಕಡೆ ಮಾತ್ರ ಹಾರೆಯವನು ಜಾಲರಿಯನ್ನು ಎರಡೂ ದಡದ ಕಂಬಗಳಿಗೇ ಮುಗಿಸಿ, ನಡುವೆ ಒಂದು ಗಟ್ಟಿ ತಂತಿಯಿಂದ ಬಿದಿರುಗಳನ್ನು ಪರದೆಯಂತೆ ಜೋತುಬಿಟ್ಟಿದ್ದ. ಸೆಪ್ಟೆಂಬರಿನ ಒಂದು ರಾತ್ರಿಯ ಮಳೆಗೆ ಆ ಪರದೆ ಹರಿದುಹೋಗಿ ಅರವತ್ತಡಿ ಕೆಳಗೆ ಜಾಲಿಯ ಪೊದೆಯಲ್ಲಿ ಸಿಕ್ಕಿಬಿದ್ದಿತ್ತು. ಬೇಲಿಯ ಒಂದು ಕಂಬವೂ ಅಲ್ಲಾಡಿರಲಿಲ್ಲ. ಹರಿಯಲೆಂದೇ ಕಟ್ಟಿದ್ದು ಹರಿದಿದೆ, ಅದಕ್ಕೇಕೆ ಫೋನ್ ಮಾಡಿದಿರಿ ಎಂದ.

ಕುರಿಗಾರರ ವಿಷಯ ಹೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಸುಗ್ಗಿಯ ಹೊತ್ತಿಗೆ ಗುಡ್ಡ ಇಳಿದು ಬರುವ ಒಂದು ಮಂದೆ ನನ್ನ ನೆನಪಿರುವಷ್ಟು ಕಾಲದಿಂದ ನಮ್ಮ ಹೊಲದಲ್ಲಿ ನಾಲ್ಕಾರು ರಾತ್ರಿ ತರುಬುತ್ತದೆ. ನಾವು ಜೋಳ, ಒಂದಿಷ್ಟು ಹಣ ಕೊಡುತ್ತೇವೆ. ಅವರು ಗೊಬ್ಬರ ಬಿಟ್ಟು ಹೋಗುತ್ತಾರೆ. ಅವರ ಬೇಲಿ ಒಂದು ಕುದುರೆಯ ಹೇರು: ಬಲೆ ಮತ್ತು ಗೂಟಗಳು. ಸೂರ್ಯ ಮುಳುಗುವ ಮೊದಲು ಸುತ್ತುತ್ತಾರೆ, ಬೆಳಗಾದರೆ ಕೀಳುತ್ತಾರೆ. ಗೋಡೆ ಅರ್ಧ ಎದ್ದಿದ್ದಾಗ ಆ ಮಂದೆಯ ಹಿರಿಯ ಬಂದು, ಉದ್ದಕ್ಕೂ ನೋಡಿ, ಚೆನ್ನಾಗಿದೆ ಎಂದೂ ಅನ್ನಲಿಲ್ಲ, ಏಕೆ ಹಾಕಿದಿರಿ ಎಂದೂ ಕೇಳಲಿಲ್ಲ. ಬಾಗಿಲು ಯಾವ ಕಡೆ ಎಂದಷ್ಟೇ ಕೇಳಿದ.

ಬಾಗಿಲು ಇದ್ದದ್ದು ರಸ್ತೆಯ ಕಡೆ. ಹದಿನಾರು ಸಾವಿರದ ಕಬ್ಬಿಣದ ಗೇಟು, ನನ್ನ ಕಾರು ಒಳಗೆ ಬರುವಷ್ಟು ಅಗಲ. ಗುಡ್ಡದಿಂದ ಇಳಿಯುವ ಮುನ್ನೂರು ಕುರಿಗಳು ಊರನ್ನೆಲ್ಲ ಸುತ್ತಿ, ಡಾಂಬರು ರಸ್ತೆಯಲ್ಲಿ ಬಸ್ಸು ಲಾರಿಗಳ ನಡುವೆ ಆ ಗೇಟಿಗೆ ಬರಬೇಕು. ಮಂದೆ ಬಾರದಿದ್ದರೆ ಆ ಗೊಬ್ಬರಕ್ಕೆ ನಾನು ಟ್ರ್ಯಾಕ್ಟರು ಲೆಕ್ಕದಲ್ಲಿ ದುಡ್ಡು ತೆರಬೇಕು. ಅಪ್ಪ ಗೌಂಡಿಯನ್ನು ಕರೆದು ಗೋಡೆಯ ನಡುವೆ ಮೂರಡಿ ಬಿಡಿಸಿದರು.

ಆ ವರ್ಷ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೋದಾಗ ಅಪ್ಪ ಮರದ ಬಾಗಿಲುಗಳ ಸಾಲಿನಲ್ಲಿ ನಿಂತುಬಿಟ್ಟರು. ಹೊಸ ಮನೆ ಕಟ್ಟಿಸುವವರು ಕೆತ್ತನೆಯ ಚೌಕಟ್ಟು ಆರಿಸುವ ಜಾಗ ಅದು. ಮೂಲೆಯಲ್ಲಿ ಒರಗಿಸಿಟ್ಟಿದ್ದ, ಕೆತ್ತನೆಯಿಲ್ಲದ ಬೇವಿನ ಬಾಗಿಲೊಂದನ್ನು ತಟ್ಟಿ ನೋಡಿ, ಚೌಕಾಸಿ ಮಾಡಿ, ಆರೂವರೆ ಸಾವಿರಕ್ಕೆ ಇಳಿಸಿದರು. ಮನೆ ಎಷ್ಟು ಅಂಕಣದ್ದು ಎಂದು ಅಂಗಡಿಯವನು ಕೇಳಿದ. ಅಪ್ಪ ನಾಲ್ಕು ಎಕರೆ ಎಂದರು.

ಈ ಸಲ ಮಂದೆ ಆ ಬಾಗಿಲಿನಿಂದಲೇ ಬಂತು. ಬಾಗಿಲು ಮೂರಡಿ, ಕುರಿಗಳು ಒಂದೊಂದಾಗಿಯೇ ಬರಬೇಕು. ಅಪ್ಪ ಹೊಸ್ತಿಲ ಬಳಿ ಕೋಲು ಹಿಡಿದು ಎಣಿಸುತ್ತಾ ನಿಂತರು. ನೂರಾ ನಲವತ್ತರ ಆಚೆ ಎಲ್ಲೋ ಲೆಕ್ಕ ತಪ್ಪಿತು. ಹಿಂದೆ ನಿಂತಿದ್ದ ಹಿರಿಯನಿಗೆ ಅದು ಗೊತ್ತಾಯಿತು. ಏನೂ ಹೇಳದೆ ಉಳಿದವನ್ನು ಒಳಗೆ ಬಿಟ್ಟ.